ಬೌಲಿಂಗ್ ಆಟದಲ್ಲಿ ಮಕ್ಕಳ ಸರದಿ

ನಮ್ಮ ಚಿಕ್ಕೋಡಿ, ನಿಪ್ಪಾಣಿ, ಅಥಣಿ ಭಾಗದ ಮಕ್ಕಳಿಗೆ ಬೌಲಿಂಗ್ ಎಂದರೆ ಕ್ರಿಕೆಟ್. ಭಾರದ ಚೆಂಡನ್ನು ಉರುಳಿಸಿ ಹತ್ತು ಪಿನ್‌ಗಳನ್ನು ಕೆಡಹುವ ಆಟವನ್ನು ಅವರಲ್ಲಿ ಹೆಚ್ಚಿನವರು ಕಾಣುವುದು ಸಂಬಂಧಿಕರ ಮನೆಗೆಂದು ದೊಡ್ಡ ನಗರಗಳಿಗೆ ಹೋದಾಗಲೇ. ಕಳೆದ ರಜೆಯಲ್ಲಿ ನಾವು ಒಂಬತ್ತು ಮಂದಿ ಹೋಗಿದ್ದೆವು.

ಎಸೆಯುವ ಗೆರೆಯಿಂದ ಮೊದಲ ಪಿನ್‌ಗೆ 60 ಅಡಿ. ಆರು ವರ್ಷದ ಮಗುವಿಗೆ ಅದೆಷ್ಟು ದೂರ! ಚೆಂಡು ಎರಡು ಸಲ ಬದಿಯ ಗಟಾರಕ್ಕೆ ಬಿದ್ದಾಗ ತಂಗಿಯ ಮಗಳು, "ಮಾಮೂ, ನಾನು ಆಡುವುದಿಲ್ಲ" ಎಂದು ಮೂಲೆ ಹಿಡಿದಳು. ಕೇಳಿದೊಡನೆ ಅಲ್ಲಿಯವರು ಗಟಾರಕ್ಕೆ ಅಡ್ಡವಾಗಿ ತಡೆ ಎತ್ತಿಕೊಟ್ಟರು. ಚೆಂಡನ್ನಿಟ್ಟು ಜಾರಿಸುವ ಇಳಿಜಾರು ಚೌಕಟ್ಟನ್ನೂ ಹಗುರವಾದ ಚೆಂಡನ್ನೂ ತಂದರು.

ಆದರೆ ಮಕ್ಕಳ ಉತ್ಸಾಹವನ್ನು ನಿಜವಾಗಿ ಕುಗ್ಗಿಸುವುದು ಸೋಲಲ್ಲ, ಕಾಯುವಿಕೆ. ಒಂಬತ್ತು ಜನರ ಸರದಿ ಮುಗಿಯುವಷ್ಟರಲ್ಲಿ ಜಗಳ ಹುಟ್ಟಿರುತ್ತದೆ. ಆದ್ದರಿಂದ ಒಬ್ಬ ಹಿರಿಯರಿಗೆ ಒಂದು ಮಗುವನ್ನು ಜೊತೆ ಮಾಡಿ, ಅಂಕಗಳನ್ನು ಇಡೀ ಮನೆಯ ಲೆಕ್ಕಕ್ಕೆ ಕೂಡಿಸಿದೆವು. ದೊಡ್ಡವರು ಬೇಕೆಂದೇ ಸೋಲುವುದು ನನಗೆ ಒಪ್ಪಿಗೆಯಿಲ್ಲ. ಮಕ್ಕಳಿಗೆ ಅದು ತಿಳಿದುಬಿಡುತ್ತದೆ. ಪ್ರವಾದಿ(ಸ)ರವರು ಪತ್ನಿ ಆಯಿಶಾ(ರ)ರೊಂದಿಗೆ ಓಟದ ಪಂದ್ಯವಾಡಿದ ಪ್ರಸಂಗ ಅಬೂದಾವೂದ್ ಹದೀಸ್ ಸಂಗ್ರಹದಲ್ಲಿದೆ. ಮೊದಲು ಗೆದ್ದವರು ಆಯಿಶಾ, ಮುಂದೊಮ್ಮೆ ಪ್ರವಾದಿವರ್ಯರು.

ಲಗೋರಿಯಲ್ಲಿ ಬಿದ್ದ ಏಳು ಕಲ್ಲುಗಳನ್ನು ಮರಳಿ ಪೇರಿಸುವುದೂ ಆಟವೇ. ಅಲ್ಲಿ ಆ ಕೆಲಸವನ್ನು ಯಂತ್ರ ಕಸಿದುಕೊಂಡಿದೆ. ಈಗ ಮನೆಯಂಗಳದಲ್ಲಿ ಅಸರ್ ನಮಾಝಿನ ಬಳಿಕ ಹತ್ತು ಖಾಲಿ ಬಾಟಲಿಗಳಿಗೆ ಹಿಡಿ ಹಿಡಿ ಮರಳು ತುಂಬಿ (ಇಲ್ಲವಾದರೆ ಗಾಳಿಗೇ ಉರುಳುತ್ತವೆ) ತ್ರಿಕೋನವಾಗಿ ನಿಲ್ಲಿಸುತ್ತೇವೆ. ಸರದಿಗೆ ಕಾಯುವ ಮಕ್ಕಳೇ ಅವನ್ನು ಎತ್ತಿ ನಿಲ್ಲಿಸುವವರು. ಲೆಕ್ಕ ಬರೆಯುವವರು ದಾದಿಮಾ. ತಮ್ಮ ಸರದಿ ಬಂದಾಗ ಮಾತ್ರ ಗೆರೆಯನ್ನು ಎರಡು ಹೆಜ್ಜೆ ಮುಂದಕ್ಕೆ ಎಳೆಸಿಕೊಳ್ಳುತ್ತಾರೆ.