ಗಾಲಿ ಕಾಣುವ ಓಟ

ಕಾರುಗಳಲ್ಲಿ ಎರಡು ಜಾತಿ. ಗಾಲಿಯನ್ನು ಮೈಯೊಳಗೆ ಮುಚ್ಚಿಟ್ಟುಕೊಂಡು ಸಭ್ಯಸ್ಥರಂತೆ ಓಡಾಡುವುದು ಒಂದು. ನಾಲ್ಕೂ ಗಾಲಿಗಳನ್ನು ಹೊರಗೆ ಚಾಚಿ, ಒಂದಿಷ್ಟೂ ಸಂಕೋಚವಿಲ್ಲದೆ ನುಗ್ಗುವುದು ಇನ್ನೊಂದು. ಫಾರ್ಮುಲಾ ಒನ್, ಅದರ ಕೆಳಗಿನ ಮೆಟ್ಟಿಲಾದ ಫಾರ್ಮುಲಾ ಟೂ, ಅಮೆರಿಕದ ಇಂಡಿಕಾರ್, ಇವೆಲ್ಲ ಎರಡನೆಯ ಜಾತಿಯವು. ಜಮಖಂಡಿ ತಾಲ್ಲೂಕಿನ ಹುನ್ನೂರಿನಲ್ಲಿ ಕುಳಿತು ಮೊಬೈಲಿನಲ್ಲಿ ಇವುಗಳ ಓಟ ನೋಡುವುದು ನನಗಂಟಿದ ಚಟ. ಊರವರ ಲೆಕ್ಕದಲ್ಲಿ ಇದು ಕೆಲಸವಿಲ್ಲದವರ ಚಟ. ಆದರೆ ಹಂಗಾಮು ಮಾತ್ರ ನಮಗೆ ಒಗ್ಗುವಂತೆಯೇ ಇದೆ. ಫಾರ್ಮುಲಾ ಒನ್, ಟೂ ರೇಸು ಮಾರ್ಚ್ ಸುಮಾರಿಗೆ ಶುರುವಾಗಿ ಡಿಸೆಂಬರಿನಲ್ಲಿ ಅಬುಧಾಬಿಯಲ್ಲಿ ಮುಗಿಯುತ್ತದೆ. ಅಷ್ಟರಲ್ಲಿ ಇಲ್ಲಿ ಕಬ್ಬು ನುರಿಸುವ ಕಾಲ ಏರಿರುತ್ತದೆ. ಒಂದು ಗದ್ದಲ ತಣ್ಣಗಾದರೆ ಇನ್ನೊಂದು ಸಿದ್ಧ.

ನಮ್ಮವ್ವ ಒಂದು ಸಂಜೆ ಹೆಗಲ ಮೇಲಿಂದ ಇಣುಕಿ ಕೇಳಿದಳು: “ಎಲ್ಲಿಗಿ ಹೊಂಟಾರ ಇವರು?”

“ಎಲ್ಲಿಗೂ ಇಲ್ಲಬೇ. ಹೊಂಟಲ್ಲಿಗೇ ತಿರುಗಿ ಬರತಾರ.”

“ಮತ್ತ ಅಷ್ಟ ಅವಸರ ಯಾಕ?”

ರೇಸಿನ ಬಗ್ಗೆ ಇದಕ್ಕಿಂತ ಮೂಲಭೂತ ಪ್ರಶ್ನೆಯನ್ನು ಯಾವ ವ್ಯಾಖ್ಯಾನಕಾರನೂ ಎತ್ತಿದ್ದನ್ನು ನಾನು ಕೇಳಿಲ್ಲ. ಎಲ್ಲಿಗೂ ತಲುಪದ ಓಟದಲ್ಲಿ ತಲುಪಿದ ಜಾಗದ ಹೆಮ್ಮೆ ಏನಿದ್ದೀತು? ಹಾಗಾದರೆ ನೋಡಬೇಕಾದ್ದು, ಯಾರು ಎಲ್ಲಿಂದ ಹೊರಟರು, ಕೈಯಲ್ಲಿ ಏನಿತ್ತು, ಅದರಿಂದ ಎಷ್ಟು ತೆಗೆದರು ಎಂಬುದನ್ನು. ಚಾಲಕನ ತೂಕ ಹಾಕಲು ನನಗೆ ಇದೊಂದೇ ತಕ್ಕಡಿ ಸರಿಯೆನಿಸಿದೆ. ಪೇಪರಿನಲ್ಲಿ ಬರುವ ಫಲಿತಾಂಶದ ಪಟ್ಟಿ ಈ ಲೆಕ್ಕ ಕೊಡುವುದಿಲ್ಲ.

ಬೆಂಗಳೂರಿನ ಹುಡುಗ ಕುಶ್ ಮೈನಿಯ ಕತೆಯನ್ನೇ ನೋಡಿ. 2024ರ ಫಾರ್ಮುಲಾ ಟೂ ಹಂಗಾಮಿನ ಮೊದಲ ಸ್ಪರ್ಧೆ ಬಹ್ರೇನ್‌ನಲ್ಲಿ. ಅರ್ಹತಾ ಸುತ್ತಿನಲ್ಲಿ ಎಲ್ಲರಿಗಿಂತ ವೇಗವಾಗಿ ಓಡಿಸಿ ಮೊದಲ ಸ್ಥಾನ ಹಿಡಿದ. ಆಮೇಲೆ ಕಾರನ್ನು ತಪಾಸಣೆ ಮಾಡಿದವರು ಅದು ತಾಂತ್ರಿಕ ನಿಯಮಕ್ಕೆ ಹೊಂದುವುದಿಲ್ಲವೆಂದರು. ಹುಡುಗನ ಕೈಚಳಕದಲ್ಲಿ ದೋಷವಿರಲಿಲ್ಲ, ಆದರೂ ಮೊದಲಿದ್ದವನು ಕಟ್ಟಕಡೆಗೆ ಹೋದ. ಅಲ್ಲಿಂದ ಹೊರಟು ಮುಖ್ಯ ಓಟದಲ್ಲಿ ಅಂಕ ಸಿಗುವ ಮೊದಲ ಹತ್ತರೊಳಗೆ ಬಂದ. ಅದೇ ವರ್ಷ ಜುಲೈನಲ್ಲಿ ಹಂಗರಿಯಲ್ಲಿ, ಮುಖ್ಯ ಓಟಕ್ಕೆ ಹಿಂದಿನ ದಿನದ ಕಿರು ಓಟದಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. ಮೊದಲು ಗುರಿ ಮುಟ್ಟಿದ ನೆದರ್ಲೆಂಡ್ಸಿನ ರಿಚರ್ಡ್ ವೆರ್ಸ್ಕೋರ್‌ನ ಕಾರು ತಪಾಸಣೆಯಲ್ಲಿ ಅನರ್ಹಗೊಂಡು, ಗೆಲುವು ಕುಶ್ ಪಾಲಿಗೆ ಬಂತು. ಒಂದು ಕಡೆ ಕಿತ್ತುಕೊಂಡರು, ಇನ್ನೊಂದು ಕಡೆ ಕೊಟ್ಟರು. ಎರಡೂ ತೀರ್ಮಾನವಾದದ್ದು ಟ್ರ್ಯಾಕಿನಲ್ಲಲ್ಲ, ಅಧಿಕಾರಿಗಳ ಕೋಣೆಯಲ್ಲಿ.

ಟ್ರ್ಯಾಕಿನ ಮೇಲೆಯೇ ಸಿಕ್ಕ ಗೆಲುವಿಗೆ 2025ರ ಮೇ 24ರವರೆಗೆ ಕಾಯಬೇಕಾಯಿತು, ಅದೂ ಮೊನಾಕೊದಲ್ಲಿ. ಎರಡು ಚದರ ಕಿಲೊಮೀಟರ್ ಚಿಲ್ಲರೆಯ ಆ ದೇಶದ ಬೀದಿಗಳೇ ಅಲ್ಲಿ ರೇಸಿನ ಟ್ರ್ಯಾಕು. ಒಂದು ಸುತ್ತಿಗೆ 3.337 ಕಿಲೊಮೀಟರ್. ಎರಡೂ ಬದಿಗೆ ಕಬ್ಬಿಣದ ತಡೆಗೋಡೆ, ಒಂದು ಸುರಂಗ, ಗಂಟೆಗೆ ಐವತ್ತು ಕಿಲೊಮೀಟರ್ ವೇಗವೂ ಇಲ್ಲದೆ ಹೊರಳಬೇಕಾದ ಒಂದು ಕಡಿದಾದ ತಿರುವು. ಮುಂದಿನವನನ್ನು ಹಿಂದಿಕ್ಕಲು ಜಾಗವೇ ಇಲ್ಲ. ಫಾರ್ಮುಲಾ ಟೂ ಕಿರು ಓಟದಲ್ಲಿ ಒಂದು ತಮಾಷೆಯ ನಿಯಮವಿದೆ: ಅರ್ಹತಾ ಸುತ್ತಿನ ಮೊದಲ ಹತ್ತು ಜನರನ್ನು ತಲೆಕೆಳಗಾಗಿ ನಿಲ್ಲಿಸುತ್ತಾರೆ. ಹತ್ತನೆಯವನು ಮೊದಲನೆಯವನಾಗುತ್ತಾನೆ. ಆ ದಿನ ಆ ಅದೃಷ್ಟ ಕುಶ್‌ನದು.

ಇಷ್ಟು ಹೇಳಿದ ಕೂಡಲೇ ಮೂಗು ಮುರಿಯುವವರಿದ್ದಾರೆ: ಮುಂದೆ ನಿಲ್ಲಿಸಿದರು, ಗೆದ್ದ, ಅದರಲ್ಲೇನು? ನಾನು ಒಪ್ಪುವುದಿಲ್ಲ. ನಿಲ್ಲಿಸಿದ್ದು ನಿಯಮ, ಮೂವತ್ತು ಸುತ್ತು ಬಿಟ್ಟುಕೊಡದೆ ನಿಂತದ್ದು ಅವನು. ಬೆನ್ನ ಹಿಂದೆ ಸಾಲುಗಟ್ಟಿದವರ ಒತ್ತಡ, ಗೋಡೆಗೆ ಗಾಲಿ ತಾಗಿದರೆ ಅಲ್ಲಿಗೇ ಮುಗಿಯಿತು. ಆ ಬೀದಿಯ ಕಷ್ಟ ಎಷ್ಟೆಂಬುದು ಮರುದಿನದ ಮುಖ್ಯ ಓಟದಲ್ಲೇ ಗೊತ್ತಾಯಿತು. ಮೊದಲ ತಿರುವಿನಲ್ಲಿ ಮುಂಚೂಣಿಯ ಅಲೆಕ್ಸ್ ಡನ್ ಮತ್ತು ವಿಕ್ಟರ್ ಮಾರ್ಟಿನ್ಸ್ ಒಬ್ಬರಿಗೊಬ್ಬರು ತಾಗಿ, ಹಿಂದಿನ ಹಲವು ಕಾರುಗಳು ರಾಶಿ ಬಿದ್ದವು. ಅದೇ ತಿರುವನ್ನು ಹಿಂದಿನ ದಿನ ಕುಶ್ ತಣ್ಣಗೆ ದಾಟಿದ್ದ. ಮೊನಾಕೊದಲ್ಲಿ ಫಾರ್ಮುಲಾ ಟೂ ಓಟ ಗೆದ್ದ ಮೊದಲ ಭಾರತೀಯನಾದ.

ಗಾಲಿ ಹೊರಗಿರುವುದರ ಅಪಾಯವೂ ಇದೇ. ಮುಚ್ಚಿದ ಕಾರುಗಳು ಮೈಗೆ ಮೈ ಉಜ್ಜಿಕೊಂಡು ಬಚಾವಾಗುತ್ತವೆ. ಇಲ್ಲಿ ತಿರುಗುವ ಗಾಲಿಗೆ ತಿರುಗುವ ಗಾಲಿ ತಾಗಿದರೆ ಹಿಂದಿನ ಕಾರು ಮುಂದಿನದರ ಮೇಲೇರಿ ಗಾಳಿಗೆ ಹಾರಬಹುದು. ಚಾಲಕನ ತಲೆ ಕಾಯಲೆಂದು ಅದರ ಸುತ್ತ ಇರುವ ‘ಹೇಲೊ’ ಎಂಬ ಲೋಹದ ಕಮಾನು ಫಾರ್ಮುಲಾ ಒನ್, ಟೂನಲ್ಲಿ 2018ರಿಂದ ಕಡ್ಡಾಯ. ನೋಡಲು ಚೆನ್ನಾಗಿಲ್ಲವೆಂದು ಗೊಣಗಿದವರ ಬಾಯಿಯನ್ನು 2020ರ ನವೆಂಬರಿನಲ್ಲಿ ಫಾರ್ಮುಲಾ ಒನ್ ಚಾಲಕ ರೊಮೇನ್ ಗ್ರೋಜಾನ್ ಮುಚ್ಚಿಸಿದರು. ಬಹ್ರೇನ್‌ನಲ್ಲಿ ಅವರ ಕಾರು ತಡೆಗೋಡೆ ಸೀಳಿಕೊಂಡು ಹೋಗಿ ಹೊತ್ತಿ ಉರಿದರೂ ಅವರು ಜೀವಂತ ಹೊರಬಂದರು.

ಫಾರ್ಮುಲಾ ಟೂ ಕಾರಿಗೆ ಪವರ್ ಸ್ಟೇರಿಂಗ್ ಇಲ್ಲ ಎಂಬ ಸಂಗತಿಯನ್ನು ನಮ್ಮ ಓಣಿಯ ಟ್ರ್ಯಾಕ್ಟರ್ ಡ್ರೈವರ್ ಕಾಕಾನಿಗೆ ಹೇಳಿದೆ. ಅಲ್ಲಿಯತನಕ ಈ ಓಟವನ್ನು ಮಕ್ಕಳಾಟವೆಂದು ತಳ್ಳಿಹಾಕಿದ್ದವನು ತಟ್ಟನೆ ನೆಟ್ಟಗೆ ಕೂತ. ಹಳೆಯ ಟ್ರ್ಯಾಕ್ಟರಿಗೆ ಎರಡು ಡಬ್ಬಿ (ಟ್ರೈಲರ್) ಕಬ್ಬು ಕಟ್ಟಿಕೊಂಡು ಕಾರ್ಖಾನೆಗೆ ಹೋದವನಿಗೆ ಸ್ಟೇರಿಂಗಿನ ಭಾರ ತಿಳಿಯದೆ ಇನ್ನಾರಿಗೆ ತಿಳಿಯಬೇಕು? “ಹಂಗಾರ ಅವರ ತೋಳ ಗಟ್ಟಿ ಅದಾವ ಬಿಡು ತಮ್ಮಾ” ಎಂದು ಸರ್ಟಿಫಿಕೇಟು ಕೊಟ್ಟ. ನಮ್ಮ ಭಾಗದ ಜಾತ್ರೆಗಳಲ್ಲಿ ಡಬ್ಬಿ ಕಟ್ಟಿದ ಟ್ರ್ಯಾಕ್ಟರನ್ನು ಹಿಂದಕ್ಕೆ ಓಡಿಸುವ ಸ್ಪರ್ಧೆ ನೋಡಿದವರಿಗೆ ಗೊತ್ತು: ಅಲ್ಲಿ ಜನ ಇಂಜಿನ್ನಿನ ಸದ್ದು ಕೇಳುವುದಿಲ್ಲ, ಸ್ಟೇರಿಂಗಿನ ಮೇಲಿನ ಕೈ ನೋಡುತ್ತಾರೆ.

ಕೈ ಕಾಣಬೇಕಾದರೆ ಯಂತ್ರ ಸಮನಾಗಿರಬೇಕು. ಫಾರ್ಮುಲಾ ಟೂನಲ್ಲಿ ಎಲ್ಲರದೂ ಒಂದೇ ಡಲ್ಲಾರಾ ಕಾರು, ಒಂದೇ ಮೆಕಾಕ್ರೋಮ್ ಇಂಜಿನ್, ಒಂದೇ ಪಿರೆಲಿ ಟೈರು. ನೆಪ ಹೇಳಲು ಜಾಗ ಕಡಿಮೆ. ಆ ಲೆಕ್ಕದಲ್ಲಿ ಕುಶ್‌ನನ್ನು ಬರೀ ಹೊಗಳಿ ಕೈತೊಳೆದುಕೊಳ್ಳುವಂತಿಲ್ಲ. 2024ರಲ್ಲಿ ಇನ್ವಿಕ್ಟಾ ತಂಡದಲ್ಲಿ ಅವನ ಜೊತೆಗಾರನಾಗಿದ್ದವನು ಬ್ರೆಜಿಲ್‌ನ ಗೇಬ್ರಿಯಲ್ ಬೊರ್ಟೊಲೆಟೊ. ಇಟಲಿಯ ಮೊಂಜಾದಲ್ಲಿ ಕಟ್ಟಕಡೆಯ 22ನೆಯ ಸ್ಥಾನದಿಂದ ಹೊರಟು ಮುಖ್ಯ ಓಟ ಗೆದ್ದ. ಆ ವರ್ಷದ ಚಾಂಪಿಯನ್ ಆಗಿ ಮರುವರ್ಷ ಫಾರ್ಮುಲಾ ಒನ್ ಸೇರಿದ. ಅದೇ ತಂಡದ ಕಾರಿನಲ್ಲಿ ಕುಶ್‌ಗೆ ಮೊದಲ ಹತ್ತರಲ್ಲೂ ವರ್ಷ ಮುಗಿಸಲಾಗಲಿಲ್ಲ. ಮೊನಾಕೊ ಗೆದ್ದ 2025ರಲ್ಲೂ ಅದೇ ಕತೆ. ಒಂದು ಸುತ್ತಿನ ವೇಗ ಅವನಲ್ಲಿದೆ. ವರ್ಷವಿಡೀ ಅದನ್ನು ಉಳಿಸಿಕೊಳ್ಳುವುದು ಇನ್ನೂ ಬಂದಿಲ್ಲ. ನಮ್ಮ ರಾಜ್ಯದ ಹುಡುಗನೆಂದು ಈ ಮಾತನ್ನು ನುಂಗಿಕೊಂಡರೆ ಅದು ಅಭಿಮಾನವಾದೀತೇ ಹೊರತು ವಿಮರ್ಶೆಯಾಗದು.

ಫಾರ್ಮುಲಾ ಒನ್‌ಗೆ ಬಂದರೆ ಪಟ್ಟಿಯ ಸುಳ್ಳು ಇನ್ನೂ ಜಾಸ್ತಿ. ಅಲ್ಲಿ ಕಾರುಗಳೇ ಬೇರೆಬೇರೆ. ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್ 2005ರಲ್ಲಿ ಭಾರತದ ಮೊದಲ ಫಾರ್ಮುಲಾ ಒನ್ ಚಾಲಕರಾದರು. ಆ ವರ್ಷ ಇಂಡಿಯಾನಾಪೊಲಿಸ್‌ನಲ್ಲಿ ಅವರು ನಾಲ್ಕನೆಯವರು. ಓದಲು ಎಷ್ಟು ಚಂದ! ಆದರೆ ಟೈರಿನ ಸುರಕ್ಷತೆಯ ತಕರಾರಿನಿಂದ 14 ಕಾರುಗಳು ಹಿಂದೆ ಸರಿದು ಆ ದಿನ ಓಡಿದ್ದು ಆರೇ ಕಾರು. ಇನ್ನೊಂದು ಕಡೆ, ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಅವರ ಫೋರ್ಸ್ ಇಂಡಿಯಾ ತಂಡ 2009ರಲ್ಲಿ ಬೆಲ್ಜಿಯಂಗೆ ಹೋದಾಗ ಅದರ ಖಾತೆಯಲ್ಲಿ ಒಂದೇ ಒಂದು ಅಂಕವಿರಲಿಲ್ಲ. ಅಂಥ ಕಾರನ್ನು ಜಾಂಕಾರ್ಲೊ ಫಿಸಿಕೆಲ್ಲಾ ಮೊದಲ ಸ್ಥಾನದಲ್ಲಿ ನಿಲ್ಲಿಸಿದರು. ಓಟದಲ್ಲಿ ಫೆರಾರಿ ಚಾಲಕ ಕಿಮಿ ರೈಕೊನೆನ್ ತಮ್ಮ ಕಾರಿನಲ್ಲಿದ್ದ ಹೆಚ್ಚುವರಿ ಶಕ್ತಿಯ ಉಪಕರಣ ಬಳಸಿ ಮುಂದೆ ಹೋದರು. ಫೋರ್ಸ್ ಇಂಡಿಯಾ ಕಾರಿನಲ್ಲಿ ಅದಿರಲಿಲ್ಲ. ಕಡೆಗೆ ಒಂದು ಸೆಕೆಂಡಿನೊಳಗಿನ ಅಂತರದಲ್ಲಿ ಫಿಸಿಕೆಲ್ಲಾ ಎರಡನೆಯವರಾದರು. ಕೆಲವೇ ದಿನಗಳಲ್ಲಿ ಫೆರಾರಿಯವರೇ ಅವರನ್ನು ಕರೆದುಕೊಂಡರು. ನನ್ನ ಮಟ್ಟಿಗೆ ಆ ಎರಡನೆಯ ಸ್ಥಾನ ಎಷ್ಟೋ ಮೊದಲ ಸ್ಥಾನಗಳಿಗಿಂತ ದೊಡ್ಡದು.

ಹೊರಟ ಜಾಗದ ಲೆಕ್ಕ ಹಾಕುವಾಗ ದುಡ್ಡಿನ ಮಾತು ಬಿಡುವಂತಿಲ್ಲ. ಕುಶ್ ಮತ್ತು ಅವನ ಅಣ್ಣ ಅರ್ಜುನ್ ಬೆಂಗಳೂರಿನ ಮೈನಿ ಉದ್ಯಮ ಕುಟುಂಬದವರು. 2001ರಲ್ಲಿ ರಸ್ತೆಗಿಳಿದ ರೇವಾ ವಿದ್ಯುತ್ ಕಾರಿನ ಚೇತನ್ ಮೈನಿ ಇವರ ಚಿಕ್ಕಪ್ಪ. 2017ರಲ್ಲಿ ಬಾರ್ಸಿಲೋನಾದಲ್ಲಿ, ಇನ್ನೂ ಕೆಳಗಿನ ಮೆಟ್ಟಿಲಾದ ಜಿಪಿ3 ಓಟ ಗೆದ್ದ ಅರ್ಜುನ್ ಮರುವರ್ಷ ಫಾರ್ಮುಲಾ ಟೂಗೂ ಬಂದಿದ್ದ. ಮನೆಯಲ್ಲಿ ಯಂತ್ರದ ವಾಸನೆಯಿತ್ತು, ಬೆನ್ನಿಗೆ ಬಂಡವಾಳವಿತ್ತು. ಕಾರ್ಟಿಂಗ್‌ನಿಂದ ಶುರುವಾಗಿ ಯುರೋಪಿನವರೆಗಿನ ಈ ಏಣಿಯ ಒಂದೊಂದು ಮೆಟ್ಟಿಲಿಗೂ ಕೋಟಿಗಳ ಲೆಕ್ಕ. ಹುನ್ನೂರಿನಲ್ಲೋ ಮುಧೋಳದಲ್ಲೋ ಬನಹಟ್ಟಿಯಲ್ಲೋ ಅಷ್ಟೇ ಚುರುಕಿನ ಕೈ ಇರುವ ಹುಡುಗನಿದ್ದರೆ ಅವನು ಯಾವ ಪಟ್ಟಿಯಲ್ಲೂ ಇಲ್ಲ. ಕಟ್ಟಕಡೆಯ ಸ್ಥಾನದಲ್ಲೂ ಅವನನ್ನು ನಿಲ್ಲಿಸಿಲ್ಲ. ಇದು ಮೈನಿ ಹುಡುಗರ ತಪ್ಪಲ್ಲ, ಅವರ ಶ್ರಮವನ್ನು ಸಣ್ಣದು ಮಾಡುವ ಮಾತೂ ಅಲ್ಲ. ಜಗತ್ತಿನ ಅತ್ಯಂತ ವೇಗದ ಚಾಲಕರು ಎಂದು ಟೀವಿಯವರು ಕೂಗುವಾಗ, ಅವಕಾಶ ಸಿಕ್ಕವರಲ್ಲಿ ಅತ್ಯಂತ ವೇಗದವರು ಎಂದು ತಿದ್ದಿಕೊಂಡು ಕೇಳಿದರೆ ಸಾಕು.

ಓದುಗರಲ್ಲಿ ಒಂದು ವಿನಂತಿ. ಇನ್ನೊಮ್ಮೆ ಯಾವುದಾದರೂ ರೇಸಿನ ಫಲಿತಾಂಶ ಕಣ್ಣಿಗೆ ಬಿದ್ದರೆ ಮೇಲಿನ ಮೂರು ಹೆಸರು ಓದಿ ಪುಟ ತಿರುವಬೇಡಿ. ಕೆಳಗಿನಿಂದ ಮೇಲಕ್ಕೆ ಓದಿ, ಪ್ರತಿ ಹೆಸರಿನ ಎದುರು ಅವನು ಹೊರಟ ಸ್ಥಾನ ಎಷ್ಟೆಂದು ನೋಡಿ. ಆ ದಿನದ ನಿಜವಾದ ಚಾಲಕ ಏಳನೆಯವನೋ ಹತ್ತನೆಯವನೋ ಆಗಿರುವುದು ನಿಮಗೂ ಕಂಡೀತು.