ಅಟ್ಟದ ಬಿಳಿ ಗೂಬೆ

ಅಮೆರಿಕದ ಮಿಶಿಗನ್‌ನಲ್ಲಿರುವ ನನ್ನ ತಮ್ಮನ ಮಗಳು ಹೋದ ಚಳಿಗಾಲದಲ್ಲಿ ಫೋನಿಗೆ ಒಂದು ಚಿತ್ರ ಕಳಿಸಿದಳು. ಹಿಮದ ಬಯಲಿನಲ್ಲಿ ಹಿಮದಷ್ಟೇ ಬೆಳ್ಳಗಿನ ಗೂಬೆ! ಉತ್ತರ ಧ್ರುವದ ಕಡೆಯಿಂದ ಇಳಿದು ಬರುವ ಹಿಮಗೂಬೆಯಂತೆ. ಅದನ್ನು ನೋಡಲೆಂದೇ ಜನ ಥರ್ಮಾಸಿನಲ್ಲಿ ಕಾಫಿ ತುಂಬಿಕೊಂಡು ದೂರದೂರದಿಂದ ಬರುತ್ತಾರಂತೆ. "ಅತ್ತಿ, ನಿಮ್ಮ ಬೋರಗಾಂವದಾಗ ಇಂಥಾವು ಅದಾವೇನು?" ಎಂದು ಕೇಳಿದ್ದಳು.

ಇಂಥದ್ದಲ್ಲ, ಇನ್ನೊಂದು ಬಗೆಯದು ನಮ್ಮ ಅಟ್ಟದ ಮೇಲೆಯೇ ಇತ್ತು.

2009ರ ಎಳ್ಳಮಾವಾಸ್ಯೆ ಹತ್ತಿರ ಬಂದಿತ್ತು. ಮಾವನವರು ಹಾಸಿಗೆ ಹಿಡಿದು ತಿಂಗಳಾಗಿತ್ತು. ರಾತ್ರಿಯೆಲ್ಲ ಅಟ್ಟದಿಂದ ಯಾರೋ ಗೊರಕೆ ಹೊಡೆದಂಥ ಸದ್ದು. ಬ್ಯಾಟರಿ ಹಿಡಿದು ಏಣಿ ಹತ್ತಿದರೆ, ಹೃದಯದಾಕಾರದ ಬೆಳ್ಳನೆಯ ಮುಖವೊಂದು ನನ್ನನ್ನೇ ನೋಡುತ್ತಿದೆ! ಮಗ್ಗುಲಲ್ಲಿ ಮೂರು ಮರಿ. ಕಣಜದ ಗೂಬೆ. ಗೊರಕೆ ಮರಿಗಳದು.

ಬೆಳಗಾಗುವಷ್ಟರಲ್ಲಿ ಓಣಿಗೆಲ್ಲ ಸುದ್ದಿ. "ಘುಬಡ ಮನಿ ಹೊಕ್ಕೈತಿ, ಮಾಲಕರನ್ನ ಕರೀಲಾಕ ಬಂದೈತಿ" ಎಂದರು ನೆರೆಮನೆಯಾಕೆ. ನಮ್ಮ ಮೈದುನ ಸೀಮೆ ಎಣ್ಣೆ ಬಟ್ಟೆ ಸುತ್ತಿದ ಕೋಲು ಹಿಡಿದು ಬಂದ. ನಾನು ಏಣಿಗೆ ಅಡ್ಡ ನಿಂತೆ. ಲಕ್ಷ್ಮಿಯ ವಾಹನ ಎಂದೆ, 1972ರ ಕಾಯಿದೆ ಎಂದೆ. ಯಾರೂ ಕೇಳಲಿಲ್ಲ. ಕೊನೆಗೆ ಅತ್ತೆ ಪಡಸಾಲೆಯಿಂದಲೇ, "ಮರಿ ಅದಾವ. ಹಾರೂ ತನಕಾ ಇರ್ಲಿ" ಎಂದರು. ಕೋಲು ಕೆಳಗಿಳಿಯಿತು.

ಅಂದಿನಿಂದ ಅಟ್ಟ ಗುಡಿಸುವ ಕೆಲಸ ನನ್ನದೇ. ದಿನಾ ಬೂದುಬಣ್ಣದ ಉಂಡೆಗಳು ಸಿಗುತ್ತಿದ್ದವು. ಗೂಬೆ ಇಲಿಯನ್ನು ಇಡಿಯಾಗಿ ನುಂಗಿ, ಅರಗದ ಕೂದಲು ಎಲುಬನ್ನು ಹೀಗೆ ಉಗುಳುತ್ತದೆ. ಒಂದನ್ನು ಹಳೆಯ ಬಟ್ಟಲಿನಲ್ಲಿ ನೆನೆಹಾಕಿ ಬಿಡಿಸಿದೆ. ಮೂರು ಇಲಿಗಳ ತಲೆಬುರುಡೆ! ಆ ವರ್ಷ ನಮ್ಮ ಜೋಳದ ಚೀಲ ಒಂದೂ ತೂತಾಗಲಿಲ್ಲ.

ಚಳಿಗಾಲಕ್ಕೆ ನಮ್ಮ ಕಡೆ ಹೊರನಾಡಿನ ಹಕ್ಕಿಗಳೂ ಬರುತ್ತವೆ. ಮಧ್ಯ ಏಷ್ಯಾದ ಗುಲಾಬಿ ಮೈನಾಗಳು ಜೋಳದ ಹೊಲಕ್ಕೆ ಮೋಡದಂತೆ ಇಳಿಯುತ್ತವೆ. ತೆನೆಗೆ ಬಾಯಿ ಹಾಕುವುದರಿಂದ ಅವಕ್ಕೆ ಕವಣೆ ಕಲ್ಲು ತಪ್ಪಿದ್ದಲ್ಲ, ಆದರೂ ಅಪಶಕುನ ಎಂದು ಯಾರೂ ಅನ್ನುವುದಿಲ್ಲ. ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ, ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತುಗಳನ್ನು ನಾನೂ ಕೆರೆ ಏರಿಯ ಮೇಲೆ ನಿಂತು ನೋಡಿದ್ದೇನೆ. 2024ರಲ್ಲಿ ಆ ಕೆರೆ ರಾಮ್ಸಾರ್ ಪಟ್ಟಿಗೂ ಸೇರಿತು. ದೂರದಿಂದ ಬಂದವರಿಗೆ ಮರ್ಯಾದೆ, ಮನೆಯಲ್ಲಿದ್ದು ದುಡಿಯುವವರಿಗೆ ಕೋಲು. ಸೊಸೆಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕೆ?

ಸಂಕ್ರಾಂತಿಯ ಮರುದಿನ ಮಾವನವರು ತೀರಿಕೊಂಡರು.

ಬಂದ ಬೀಗರೆಲ್ಲ ಒಮ್ಮೆ ಅಟ್ಟದ ಕಡೆ, ಒಮ್ಮೆ ನನ್ನ ಕಡೆ ನೋಡುತ್ತಿದ್ದರು. ಮೈದುನ ಮಾತು ಬಿಟ್ಟ. ಅತ್ತೆಯೂ ನನ್ನೊಡನೆ ಮಾತಾಡಲಿಲ್ಲ. ಅವರ ಬಾಯಿಂದ ಏನು ಬಂದೀತೋ ಎಂದು ಕಾಯುತ್ತಾ, ನನಗೇ ನನ್ನ ಮೇಲೆ ಸಂಶಯ ಬರತೊಡಗಿತ್ತು. ಓದಿದವಳು ನಾನು, ಆದರೂ ಬಂತು.

ಕಾರ್ಯವೆಲ್ಲ ಮುಗಿದು ನೆಂಟರು ಹೋದ ಸಂಜೆ, ಅತ್ತೆ ದೀಪ ಹಚ್ಚಿ ಮೇಲೆ ನೋಡಿದರು.

"ಮೂರೂ ಹಾರಿದಾವೇನ?"

"ಎರಡ ಹಾರಿದಾವ. ಒಂದ ಇನ್ನೂ ಕುಂತೈತಿ."

"ಹಂಗಾರ ಅಟ್ಟದ ಕಿಡಕಿ ಹಾಕಬ್ಯಾಡ" ಎಂದು ಒಳಗೆ ಹೋದರು.