ಮೀಸೆಮೀನಿನ ಮರಿಗಳ ಪೋಷಣೆ

ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಬರೆಯತಕ್ಕ ಲೇಖನವು ಶಿಸ್ತಿನ ವಿಷಯವಾಗಿಯೋ ಪರೀಕ್ಷೆಯ ಫಲಿತಾಂಶದ ವಿಷಯವಾಗಿಯೋ ಇರುವುದೆಂದು ನಮ್ಮ ಹಳೆಯ ವಿದ್ಯಾರ್ಥಿನಿಯರೂ ಪೋಷಕರೂ ಎಣಿಸಿರಬಹುದು. ಈ ಸಲ ನಾನು ಮೀನಿನ ವಿಷಯವಾಗಿ ಬರೆಯಲು ಮನಸ್ಸು ಮಾಡಿದ್ದೇನೆ. ನನ್ನ ಮನೆಯ ಪಡಸಾಲೆಯಲ್ಲಿರುವ ಗಾಜಿನ ತೊಟ್ಟಿಯನ್ನು ಕಂಡವರು, "ಅಕ್ಕಾವರೆ, ಈ ಮರಿಗಳನ್ನು ಕೊಂಡು ತಂದಿರೋ, ಇಲ್ಲಿಯೇ ಹುಟ್ಟಿದವೋ?" ಎಂದು ಕೇಳುವುದುಂಟು. ಅವು ಇಲ್ಲಿಯೇ ಹುಟ್ಟಿದವು. ಅವು ಹುಟ್ಟಿದ ಬಗೆಯನ್ನೂ, ಅದಕ್ಕಿಂತ ಹೆಚ್ಚಾಗಿ ಅವು ಬದುಕಿದ ಬಗೆಯನ್ನೂ ಇಲ್ಲಿ ವಿವರಿಸುವೆನು.

ಈ ಮೀನಿನ ಹೆಸರು ಕೋರಿಡೋರಾಸ್. ಗ್ರೀಕ್ ಭಾಷೆಯಲ್ಲಿ ಶಿರಸ್ತ್ರಾಣವೆಂದೂ ಚರ್ಮವೆಂದೂ ಅರ್ಥವುಳ್ಳ ಎರಡು ಶಬ್ದಗಳನ್ನು ಕೂಡಿಸಿ ಫ್ರಾನ್ಸ್ ದೇಶದ ಲಾಸೆಪೇಡ್ ಎಂಬ ಪಂಡಿತನು ೧೮೦೩ರಲ್ಲಿ ಈ ಹೆಸರನ್ನಿಟ್ಟನು. ಇದರ ಮೈಮೇಲೆ ಸಾಮಾನ್ಯ ಮೀನಿನಂತೆ ಹುರುಪೆಗಳಿಲ್ಲ. ಒಂದೊಂದು ಪಕ್ಕದಲ್ಲಿಯೂ ಎರಡೆರಡು ಸಾಲು ಎಲುಬಿನ ಫಲಕಗಳು ಕವಚದಂತೆ ಹೊಂದಿಕೊಂಡಿವೆ. ಬಾಯಿಯ ಸುತ್ತಲೂ ಮೃದುವಾದ ಮೀಸೆಗಳಿದ್ದು, ಅವುಗಳಿಂದ ಮರಳನ್ನು ತಡವಿ ಆಹಾರವನ್ನು ಹುಡುಕುತ್ತದೆ. ಇದರ ತವರು ದಕ್ಷಿಣ ಅಮೇರಿಕವು. ೧೮೩೧ರಿಂದ ೧೮೩೬ರ ವರೆಗೆ ಬೀಗಲ್ ಹಡಗಿನಲ್ಲಿ ಪ್ರವಾಸ ಮಾಡಿದ ಚಾರ್ಲ್ಸ್ ಡಾರ್ವಿನ್ನನು ತಂದ ಮೀನುಗಳಲ್ಲಿ ಈ ಕುಲದ್ದೊಂದಿದ್ದು, ಜೆನಿನ್ಸ್ ಎಂಬ ಪಾದ್ರಿಯು ೧೮೪೨ರಲ್ಲಿ ಅದನ್ನು ವರ್ಣಿಸಿದನು. ನಾನು ಸಾಕುವುದು ಕಂಚಿನ ಬಣ್ಣದ ಇನ್ನೊಂದು ಜಾತಿಯನ್ನು. ಟ್ರಿನಿಡಾಡ್ ದ್ವೀಪದ ಈ ಮೀನನ್ನು ಥಿಯೋಡೋರ್ ಗಿಲ್ ಎಂಬವನು ೧೮೫೮ರಲ್ಲಿ ಲೋಕಕ್ಕೆ ತಿಳಿಸಿದನು. ೨೦೨೪ರಲ್ಲಿ ಶಾಸ್ತ್ರಜ್ಞರು ಈ ದೊಡ್ಡ ಕುಲವನ್ನು ಹಲವಾಗಿ ವಿಂಗಡಿಸಿ, ನಮ್ಮ ಕಂಚಿನ ಮೀನನ್ನು ಓಸ್ಟಿಯೊಗ್ಯಾಸ್ಟರ್ ಎಂಬ ಕುಲಕ್ಕೆ ಸೇರಿಸಿದ್ದಾರೆ. ಆದರೆ ಅಂಗಡಿಗಳಲ್ಲಿ ಹಳೆಯ ಹೆಸರೇ ನಡೆಯುತ್ತದೆ.

ಪರದೇಶದ ಮೀನೆಂದು ನಾವು ಬೆರಗಾಗಬೇಕಾದುದಿಲ್ಲ. ನಮ್ಮ ಕೆರೆಗಳಲ್ಲಿರುವ ಚೇಳುಮೀನು ಇದರ ದೂರದ ಬಂಧುವೇ ಸರಿ. ಚೇಳುಮೀನಿಗೂ ಮೀಸೆಗಳಿವೆ, ಚುಚ್ಚುವ ಮುಳ್ಳುಗಳಿವೆ. ಅದೂ ಮೇಲಕ್ಕೆ ಬಂದು ಗಾಳಿಯನ್ನು ಸೇವಿಸುತ್ತದೆ. ಕೋರಿಡೋರಾಸ್ ಕೂಡ ಆಗಾಗ್ಗೆ ಬಾಣದಂತೆ ಮೇಲಕ್ಕೆ ಚಿಮ್ಮಿ ಒಂದು ಗುಟುಕು ಗಾಳಿಯನ್ನು ನುಂಗಿ ಕೆಳಗಿಳಿಯುತ್ತದೆ. ಆ ಗಾಳಿಯಲ್ಲಿಯ ಆಮ್ಲಜನಕವನ್ನು ಅದರ ಕರುಳು ಹೀರಿಕೊಳ್ಳುತ್ತದೆ. ಸೃಷ್ಟಿಕರ್ತನು ಕೆಸರುನೀರಿನ ಬಡ ಜೀವಿಗಳಿಗೂ ಬದುಕುವ ದಾರಿಯನ್ನು ಇಟ್ಟಿದ್ದಾನೆ. ಮುಳ್ಳು ಬಲೆಗೆ ಸಿಕ್ಕಿಕೊಳ್ಳುವುದಾದ ಕಾರಣ ಇದನ್ನು ಬಲೆಯಿಂದ ಹಿಡಿಯದೆ, ಬಟ್ಟಲಿನಲ್ಲಿ ನೀರಿನೊಡನೆಯೇ ಎತ್ತತಕ್ಕದ್ದು.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಗಳಲ್ಲಿ ಮೀನು ಸಾಕುವವರಿಗೆ ಮೊದಲನೆಯ ಚಿಂತೆ ನೀರಿನದು. ನಾವು ನಡೆಯುವ ನೆಲವೇ ಸುಣ್ಣದ ಕಲ್ಲು. ಈ ಕಲ್ಲಿನಿಂದಲೇ ವಾಡಿಗೂ ಸೇಡಮ್ಮಿಗೂ ಸಿಮೆಂಟ್ ಕಾರ್ಖಾನೆಗಳು ಬಂದವು. ಈ ಕಲ್ಲೇ ಫರಸಿಯಾಗಿ ಶಹಾಬಾದದ ಹೆಸರನ್ನು ದೂರದ ಊರುಗಳ ಮನೆಯಂಗಳಕ್ಕೂ ಒಯ್ದಿತು. ಆದುದರಿಂದ ನಮ್ಮ ಬಾವಿಗಳ ನೀರು ಗಡಸು. ಸಾಬೂನು ನೊರೆಗೊಡದು, ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿಯ ಪೊರೆ ಕೂಡುವುದು. ಕಂಚಿನ ಕೋರಿಡೋರಾಸ್ ಅನೇಕ ತಲೆಮಾರುಗಳಿಂದ ತೊಟ್ಟಿಗಳಲ್ಲಿಯೇ ಬೆಳೆದುದಾದ್ದರಿಂದ ಇಂಥ ನೀರನ್ನು ಸಹಿಸುತ್ತದೆ. ಆದರೆ ಮೆದು ನೀರು ಬೆರೆತರೆ ಅದಕ್ಕೆ ಹೆಚ್ಚು ಹಿತ. ಮಳೆಗಾಲದಲ್ಲಿ ಮೊದಲ ಎರಡು ಮೂರು ಮಳೆಗಳು ಮಾಳಿಗೆಯನ್ನು ತೊಳೆದ ಮೇಲೆ ಬಂದ ನೀರನ್ನು ನಾನು ಕೊಡಗಳಲ್ಲಿ ಹಿಡಿದಿಟ್ಟು, ಅರ್ಧಕ್ಕರ್ಧ ಬೆರೆಸುತ್ತೇನೆ. ನಳದ ನೀರಾದರೆ ಕ್ಲೋರಿನ್ ವಾಸನೆ ಹೋಗುವ ವರೆಗೆ ಒಂದು ದಿನ ಬಾಯಿತೆರೆದ ಪಾತ್ರೆಯಲ್ಲಿಡಬೇಕು. ತೊಟ್ಟಿಯಲ್ಲಿ ಹಾಸುವ ಮರಳಿನ ಮೇಲೆ ಒಂದೆರಡು ಹನಿ ನಿಂಬೆರಸವನ್ನು ಹಿಂಡಿ ನೋಡಿರಿ. ನೊರೆಯೆದ್ದರೆ ಅದರಲ್ಲಿ ಸುಣ್ಣದ ಚೂರುಗಳಿವೆಯೆಂದು ತಿಳಿದು ಬೇರೆ ಮರಳನ್ನು ತರತಕ್ಕದ್ದು. ಮರಳು ನುಣುಪಾಗಿರಬೇಕು, ಮೊನಚು ಹರಳಿನಿಂದ ಮೀಸೆಗಳು ಸವೆದುಹೋಗುತ್ತವೆ.

ಎರಡನೆಯ ಚಿಂತೆ ಬಿಸಿಲಿನದು. ಏಪ್ರಿಲ್ ಮೇ ತಿಂಗಳುಗಳಲ್ಲಿ ನಮ್ಮಲ್ಲಿ ಉಷ್ಣಮಾನವು ೪೦ ಡಿಗ್ರಿಯನ್ನು ದಾಟುವುದು ಎಲ್ಲರೂ ಬಲ್ಲ ಸಂಗತಿ. ಈ ಮೀನಿಗೆ ೨೨ರಿಂದ ೨೬ ಡಿಗ್ರಿಯ ನೀರು ಹಿತಕರ. ನೀರು ಕಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕವು ಕಡಿಮೆಯಾಗುವುದು. ಆದುದರಿಂದ ತೊಟ್ಟಿಯನ್ನು ಉತ್ತರದ ಕೋಣೆಯಲ್ಲಿ ಫರಸಿಯ ತಂಪಿನ ಮೇಲಿಟ್ಟು, ಮುಚ್ಚಳದ ಬದಲು ಜಾಳಿಗೆಯನ್ನು ಹೊದಿಸಿ, ನೀರಿನ ಮೇಲೆ ಸಣ್ಣ ಪಂಖದ ಗಾಳಿ ಬೀಸುವಂತೆ ಮಾಡಿದೆನು. ಮಡಕೆಯ ನೀರು ಏತಕ್ಕೆ ತಣ್ಣಗಿರುವುದೋ ಅದೇ ಕಾರಣದಿಂದ ತೊಟ್ಟಿಯ ನೀರೂ ಕೆಲವು ಡಿಗ್ರಿ ಇಳಿಯುತ್ತದೆ.

ನನ್ನ ತೊಟ್ಟಿಯು ೨ ಅಡಿ ಉದ್ದ, ೧ ಅಡಿ ಅಗಲ, ೧ ಅಡಿ ಎತ್ತರದ್ದು. ಅದರಲ್ಲಿ ೬ ಮೀನುಗಳನ್ನಿಟ್ಟೆನು. ಏಕೆಂದರೆ ಇವು ಒಂಟಿಯಾಗಿದ್ದರೆ ಬೆದರಿ ಮೂಲೆ ಸೇರುವವು. ಗುಂಪಿನಲ್ಲಿದ್ದರೆ ಮಾತ್ರ ನೆಮ್ಮದಿಯಿಂದ ಬಾಳುವವು. ಮೇಲಿನಿಂದ ನೋಡಿದರೆ ಹೆಣ್ಣು ಅಗಲವಾಗಿಯೂ ದೊಡ್ಡದಾಗಿಯೂ ಕಾಣುವುದು, ಗಂಡು ತೆಳ್ಳಗಿರುವುದು. ಒಂದು ಹೆಣ್ಣಿಗೆ ಎರಡು ಗಂಡುಗಳಿದ್ದರೆ ಉತ್ತಮ. ಸೊಳ್ಳೆಯ ಮರಿಹುಳುಗಳು ಇವಕ್ಕೆ ಪರಮಪ್ರಿಯವಾದ ಆಹಾರ. ಬಚ್ಚಲಿನ ಹಿಂದಿನ ಸೊಳ್ಳೆಗಳಿಗೂ ಅದರಿಂದ ಕಡಿವಾಣವಾಯಿತು.

ಮೀನು ತತ್ತಿಯಿಡುವುದಕ್ಕೆ ಪಂಚಾಂಗವನ್ನು ನೋಡುವುದಿಲ್ಲವಾದರೂ ಮಳೆಯನ್ನು ಬಲ್ಲದು. ನಮ್ಮ ದೇಶದ ರೋಹು, ಕಾಟ್ಲಾಗಳು ನಿಂತ ಕೊಳದಲ್ಲಿ ತತ್ತಿಯಿಡದೆ ಹೊಳೆಗೆ ಹೊಸ ನೀರು ಬರುವುದನ್ನು ಕಾಯುವವು. ಈ ತೊಡಕನ್ನು ಡಾಕ್ಟರ್ ಹೀರಾಲಾಲ್ ಚೌಧುರಿಯವರು ೧೯೫೭ನೆಯ ಜುಲೈ ೧೦ರಂದು ಒಡಿಶಾದ ಅಂಗುಲ್ ಎಂಬಲ್ಲಿ ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ ಪರಿಹರಿಸಿದರು. ಆ ದಿನವನ್ನೇ ನಮ್ಮ ದೇಶದಲ್ಲಿ ಮೀನು ಕೃಷಿಕರ ದಿನವಾಗಿ ಆಚರಿಸುತ್ತಾರೆ. ಕೋರಿಡೋರಾಸಿಗೆ ಚುಚ್ಚುಮದ್ದು ಬೇಡ, ಮಳೆಯ ಭ್ರಮೆಯೇ ಸಾಕು. ಮೃಗಶಿರಾ ಮಳೆಯ ಮೋಡ ಕವಿದ ಒಂದು ಸಂಜೆ ತೊಟ್ಟಿಯ ಮೂರರಲ್ಲಿ ಒಂದು ಪಾಲು ನೀರನ್ನು ತೆಗೆದು, ೪ ಡಿಗ್ರಿ ತಣ್ಣಗಿದ್ದ ಮಳೆನೀರನ್ನು ಮೆಲ್ಲಗೆ ಹೊಯ್ದೆನು. ಮರುದಿನ ಮುಂಜಾನೆ ಗಂಡುಗಳು ಹೆಣ್ಣನ್ನು ಗಾಜಿನ ಉದ್ದಕ್ಕೂ ಬೆನ್ನಟ್ಟುತ್ತಿದ್ದುವು. ಗಂಡು ಅಡ್ಡವಾಗಿ ನಿಲ್ಲುವುದು. ಹೆಣ್ಣು ಅದರ ಹೊಟ್ಟೆಗೆ ಬಾಯಿಟ್ಟು ನಿಲ್ಲುವುದು. ಬಳಿಕ ಹೊಟ್ಟೆಯ ಕೆಳಗಿನ ರೆಕ್ಕೆಗಳನ್ನು ಜೋಡಿಸಿ ಬೊಗಸೆಯಂತೆ ಮಾಡಿ, ಅದರಲ್ಲಿ ಕೆಲವು ತತ್ತಿಗಳನ್ನು ಹಿಡಿದು, ಗಾಜನ್ನು ಬಾಯಿಯಿಂದ ಸವರಿ ಶುಚಿಮಾಡಿ, ಅಲ್ಲಿ ಅಂಟಿಸಿ ಬರುವುದು. ಮಧ್ಯಾಹ್ನದ ವರೆಗೂ ಈ ಕೆಲಸ ನಡೆಯಿತು.

ಅಂಟಿಸಿದ ತತ್ತಿಗಳನ್ನು ಈ ಮೀನುಗಳು ಕಾಯುವುದಿಲ್ಲ. ಹಸಿವಾದರೆ ತಾವೇ ತಿನ್ನುವವು. ಅದರಲ್ಲಿ ಕ್ರೌರ್ಯವಿಲ್ಲ, ಅವಕ್ಕೆ ಅಷ್ಟೇ ತಿಳಿವಳಿಕೆ. ಆದುದರಿಂದ ತತ್ತಿಗಳು ಕೆಲವು ತಾಸಿನಲ್ಲಿ ಗಟ್ಟಿಯಾದ ಮೇಲೆ ಬೆರಳಿನಿಂದ ಮೆಲ್ಲನೆ ಬಿಡಿಸಿ, ಅದೇ ತೊಟ್ಟಿಯ ನೀರು ತುಂಬಿದ ಅಗಲವಾದ ಬೋಗುಣಿಗೆ ಹಾಕಿದೆನು. ಗಾಳಿಗುಳ್ಳೆಗಳನ್ನು ಬಿಡುವ ಸಣ್ಣ ಯಂತ್ರವನ್ನಿಟ್ಟು, ನಾಡಬಾದಾಮಿಯ ಒಣಗಿದ ಎಲೆಯೊಂದನ್ನು ಹಾಕಿದೆನು. ಅದರ ಒಗರು ಬೂಷ್ಟನ್ನು ತಡೆಯುವುದಕ್ಕೆ ನೆರವಾಗುತ್ತದೆ. ಬಿಳುಪೇರಿದ ತತ್ತಿಗಳನ್ನು ಹೊತ್ತುಹೊತ್ತಿಗೆ ತೆಗೆಯಬೇಕು. ಇಲ್ಲವಾದರೆ ಅವುಗಳ ಬೂಷ್ಟು ಒಳ್ಳೆಯವಕ್ಕೂ ಹಬ್ಬುವುದು. ನಾಲ್ಕನೆಯ ದಿನ ಮರಿಗಳು ಹೊರಬಂದುವು. ಎರಡು ದಿನ ಅವು ತಮ್ಮ ಹೊಟ್ಟೆಯ ಹಳದಿಯ ಭಂಡಾರವನ್ನೇ ಉಂಡು ಬಾಳುವವು. ಆಮೇಲೆ ಆಹಾರವನ್ನು ನಾವು ಕೊಡಬೇಕು. ಗೋಧಿಹಿಟ್ಟಿನ ಗಂಜಿಯಲ್ಲಿ ಬೆಳೆಸಿದ ನೂಲಿನಂಥ ಸೂಕ್ಷ್ಮ ಹುಳುಗಳನ್ನೂ, ಉಪ್ಪುನೀರಿನಲ್ಲಿ ಒಂದೂವರೆ ದಿನವಿಟ್ಟು ಒಡೆಸಿದ ಆರ್ಟೀಮಿಯಾ ಸೀಗಡಿಯ ಮರಿಗಳನ್ನೂ ದಿನಕ್ಕೆ ೩ ಹೊತ್ತು ಸ್ವಲ್ಪಸ್ವಲ್ಪವಾಗಿ ಕೊಟ್ಟೆನು.

ಇಷ್ಟನ್ನು ಮಾಡಿದವರು ಗೆದ್ದೆವೆಂದು ತಿಳಿಯುವುದು ಸಹಜ. ನಿಜವಾದ ಕೆಲಸವು ಇಲ್ಲಿಂದಲೇ ಮೊದಲಾಗುವುದು. ಈ ಮರಿಗಳು ತಳದಲ್ಲಿಯೇ ಮಲಗಿ ತಳದಲ್ಲಿಯೇ ಉಣ್ಣುವವು. ಉಳಿದ ಆಹಾರವು ಕೊಳೆತು ತಳದಲ್ಲಿ ಲೋಳೆ ಕಟ್ಟಿದರೆ ಮರಿಯ ಹೊಟ್ಟೆಗೂ ಮೀಸೆಗೂ ಕೇಡು ತಟ್ಟುವುದು. ಆದುದರಿಂದ ದಿನಕ್ಕೆರಡು ಸಲ ತೆಳುವಾದ ರಬ್ಬರಿನ ಕೊಳವೆಯಿಂದ ತಳವನ್ನು ಹೀರಿ ಶುಚಿಮಾಡಿ, ತೆಗೆದಷ್ಟೇ ನೀರನ್ನು, ಅದೇ ಹದದ ಬಿಸುಪಿನದನ್ನು, ಹನಿಹನಿಯಾಗಿ ತುಂಬಬೇಕು. ಇದರಲ್ಲಿ ಜಾಣತನ ಬೇಕಾಗಿಲ್ಲ. ಒಂದು ದಿನವೂ ತಪ್ಪಬಾರದು, ಅಷ್ಟೇ. ನಮ್ಮ ವಸತಿಗೃಹದ ಹುಡುಗಿಯರು ಸರದಿಯಂತೆ ಈ ಸೇವೆಯನ್ನು ಮಾಡಿ, ಒಂದು ವಹಿಯಲ್ಲಿ ಲೆಕ್ಕವನ್ನು ಬರೆದಿಟ್ಟರು. ಆ ಲೆಕ್ಕವನ್ನು ಇಲ್ಲಿ ಕೊಡುತ್ತೇನೆ. ತತ್ತಿಗಳು ೧೬೪. ಒಡೆದವು ೧೧೨. ಎಂಟು ವಾರ ತುಂಬಿ, ಕವಚ ಮೂಡಿ, ತಾಯಿಯ ಬಣ್ಣ ತಾಳಿ ಉಳಿದವು ೬೩. ಕಳೆದುಹೋದ ೪೯ರಲ್ಲಿ ಮೊದಲನೆಯ ವಾರದಲ್ಲಿ ೧೧, ಎರಡನೆಯದರಲ್ಲಿ ೯, ಮೂರನೆಯ ನಾಲ್ಕನೆಯ ವಾರಗಳಲ್ಲಿ ೨೪, ಅಲ್ಲಿಂದಾಚೆಗೆ ೫.

ಈ ೨೪ ಎಂಬ ಅಂಕೆಯು ನನ್ನನ್ನು ಬಹಳವಾಗಿ ಯೋಚಿಸುವಂತೆ ಮಾಡಿತು. ಕೂದಲೆಳೆಯಂತಿದ್ದ ಎಳೆಯ ಮರಿಗಳು ಉಳಿದು, ಚುರುಕಾಗಿ ಓಡಾಡುತ್ತಿದ್ದವು ಹೋದುವೇಕೆ? ಮರಿಯ ಮೈ ಬೆಳೆಯುತ್ತದೆ, ಅದರ ಹಸಿವು ಬೆಳೆಯುತ್ತದೆ, ಅದರ ಕಲ್ಮಷವೂ ಬೆಳೆಯುತ್ತದೆ. ಬೋಗುಣಿಯ ನೀರು ಮಾತ್ರ ಅಷ್ಟೇ ಇರುತ್ತದೆ. ಆ ಇಕ್ಕಟ್ಟಿನಲ್ಲಿ ಬಲಹೀನವಾದವಕ್ಕೆ ಆಹಾರ ದೊರಕುವುದಿಲ್ಲ. ಅದೇ ವರ್ಷ ಚಿತ್ತಾ ಮಳೆಯಲ್ಲಿ ಪುನಃ ತತ್ತಿಗಳಾದಾಗ ಹದಿನಾಲ್ಕನೆಯ ದಿನವೇ ಮರಿಗಳನ್ನು ಎರಡು ಬೋಗುಣಿಗಳಿಗೆ ಹಂಚಿದೆವು. ಒಡೆದ ೧೦೫ರಲ್ಲಿ ೮೮ ಉಳಿದುವು.

ಆ ಎರಡನೆಯ ಸಲದ ವಹಿಯಲ್ಲಿ ಇಪ್ಪತ್ತಮೂರನೆಯ ದಿನದಿಂದ ಬರವಣಿಗೆಯು ಬದಲಾಗಿದೆ. ಅದುವರೆಗೆ ದುಂಡಕ್ಷರಗಳಲ್ಲಿ ಲೆಕ್ಕ ಬರೆದವಳು ಚಿಂಚೋಳಿಯ ಕಡೆಯ ತಾಂಡಾದವಳಾದ ಒಂಬತ್ತನೆಯ ತರಗತಿಯ ಹುಡುಗಿ. ದೀಪಾವಳಿಯಾದ ಮೇಲೆ ತಾಯಿತಂದೆಗಳು ಕಟ್ಟಡದ ಕೆಲಸಕ್ಕೆಂದು ಪುಣೆಗೆ ಗುಳೆ ಹೊರಟರು. ಚಿಕ್ಕ ತಮ್ಮನನ್ನು ನೋಡಿಕೊಳ್ಳುವುದಕ್ಕೆ ಇವಳೂ ಹೋಗಬೇಕಾಯಿತು. ಹೊರಡುವ ಮುನ್ನ ಕೊಳವೆಯನ್ನು ಹಿಡಿಯುವ ಬಗೆಯನ್ನು ತನ್ನ ಗೆಳತಿಗೆ ಎರಡು ಸಲ ತೋರಿಸಿಕೊಟ್ಟು ಹೋದಳು. ಅವಳ ಹೆಸರನ್ನು ನಾನು ಹಾಜರಿ ಪುಸ್ತಕದಿಂದ ಇನ್ನೂ ತೆಗೆದಿಲ್ಲ.

ಮೀನಿಗೂ ಮಕ್ಕಳಿಗೂ ಹೋಲಿಕೆಯನ್ನು ಎಲ್ಲೆ ಮೀರಿ ಎಳೆಯಬಾರದೆಂಬುದನ್ನು ಬಲ್ಲೆನು. ಮೀನು ತನ್ನ ತತ್ತಿಯನ್ನು ಮರೆಯುವುದು. ನಮ್ಮ ಭಾಗದ ತಾಯಿಯರು ಮಗಳನ್ನು ವಸತಿಗೃಹದ ಬಾಗಿಲಿಗೆ ತಂದು ಬಿಡುವಾಗ ಸೆರಗಿನಿಂದ ಕಣ್ಣೊರಸಿಕೊಳ್ಳುವುದನ್ನು ನಾನು ಪ್ರತಿ ಜೂನ್ ತಿಂಗಳಲ್ಲಿಯೂ ನೋಡುತ್ತೇನೆ. ಆದರೂ ನಮ್ಮ ಶಾಲೆಯ ದಾಖಲಾತಿ ಪುಸ್ತಕವು ಆ ಮೀನಿನ ವಹಿಯಂತೆಯೇ ಮಾತನಾಡುವುದುಂಟು. ಅಕ್ಷರ ಬಾರದ ಚಿಕ್ಕಂದಿನಲ್ಲಿ ನಾವು ಕಳೆದುಕೊಳ್ಳುವ ಹುಡುಗಿಯರು ಕಡಿಮೆ. ಚೆನ್ನಾಗಿ ಓದಬಲ್ಲವಳಾಗಿ, ಮನೆಗೆಲಸಕ್ಕೂ ಆಗುವವಳಾಗಿ, ಇನ್ನು ಭಯವಿಲ್ಲವೆಂದು ಎಲ್ಲರೂ ಅಂದುಕೊಳ್ಳುವ ಎಂಟು ಒಂಬತ್ತನೆಯ ತರಗತಿಯಲ್ಲಿಯೇ ಹೆಚ್ಚು ಮಂದಿ ಹೋಗುತ್ತಾರೆ. ಸೇಡಂ ಚಿತ್ತಾಪುರಗಳಲ್ಲಿ ತೊಗರಿಯ ಸುಗ್ಗಿ, ಶಹಾಬಾದದಲ್ಲಿ ಕಲ್ಲುಗಣಿಯ ಕೂಲಿ, ಚಿಂಚೋಳಿಯಲ್ಲಿ ಗುಳೆ, ಎಲ್ಲೆಡೆಯೂ ಬೇಗನೆ ಕೂಡಿಬರುವ ಸಂಬಂಧ. ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯು ಮಕ್ಕಳನ್ನು ೬ರಿಂದ ೧೪ ವರ್ಷದ ವರೆಗೆ ಮಾತ್ರ ಕಾಯುತ್ತದೆ. ಒಂಬತ್ತನೆಯ ತರಗತಿಯ ಹೊಸ್ತಿಲಿನಲ್ಲಿಯೇ ಅದರ ಕೈ ನಿಲ್ಲುವುದು. ಅಲ್ಲಿಂದ ಮುಂದೆ ಕಾಯತಕ್ಕವರು ಮನೆಯವರೂ ಶಾಲೆಯವರೂ ಮಾತ್ರವೇ.

ಆದುದರಿಂದ ಪೋಷಕರಲ್ಲಿ ನನ್ನ ಬಿನ್ನಹವು ಇಷ್ಟೇ. ಮಗಳನ್ನು ಶಾಲೆಗೆ ಸೇರಿಸಿದ ದಿನವನ್ನೇ ಎಣಿಸಿ ತೃಪ್ತಿಪಡಬೇಡಿರಿ. ಅವಳು ಹತ್ತನೆಯ ತರಗತಿಯ ಪರೀಕ್ಷೆಗೆ ಕುಳಿತ ದಿನವನ್ನು ಎಣಿಸಿರಿ. ಊರು ಬಿಡಬೇಕಾಗಿ ಬಂದರೆ ಬಿಡುವ ಮುನ್ನ ನಮಗೆ ಒಂದು ಮಾತು ತಿಳಿಸಿರಿ. ವಸತಿಗೃಹದಲ್ಲಿ ಅವಳಿಗೊಂದು ಚಾಪೆಯ ಜಾಗವು ಇದ್ದೇ ಇರುವುದು. ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಒಂದು ಕೋರಿಕೆಯುಂಟು. ನಿಮ್ಮ ಓಣಿಯಲ್ಲಿ ಶಾಲೆ ಬಿಟ್ಟು ಕುಳಿತ ಹುಡುಗಿಯಿದ್ದರೆ ಅವಳ ತಾಯಿಯೊಡನೆ ಮಾತನಾಡಿರಿ. ನಾನು ಹತ್ತು ಸಲ ಹೇಳುವುದಕ್ಕಿಂತ ಓದಿ ಬಾಳುತ್ತಿರುವ ನೀವು ಒಂದು ಸಲ ಹೇಳುವುದು ಹೆಚ್ಚು ತೂಕದ್ದು.

ಮರಿಮೀನುಗಳನ್ನು ಬೇಡುವವರಿಗೆ ಒಂದು ಎಚ್ಚರಿಕೆಯನ್ನು ಹೇಳಿ ಮುಗಿಸುವೆನು. ಸಾಕಲಾಗದಿದ್ದರೆ ಅವುಗಳನ್ನು ಕಾಗಿಣೆಗಾಗಲಿ ಭೀಮೆಗಾಗಲಿ ಊರ ಕೆರೆಗಾಗಲಿ ಬಿಡಕೂಡದು. ತೊಟ್ಟಿಗಳಿಂದ ಹೊರಬಿದ್ದ ದಕ್ಷಿಣ ಅಮೇರಿಕದ ಇನ್ನೊಂದು ಮೀಸೆಮೀನು, ಗಾಜನ್ನು ಹೀರಿ ಅಂಟಿಕೊಳ್ಳುವ ಜಾತಿಯದು, ನಮ್ಮ ದೇಶದ ಹಲವು ಕೆರೆ ಹೊಳೆಗಳಲ್ಲಿ ಹಬ್ಬಿ ಬೆಸ್ತರ ಬಲೆಗಳನ್ನು ಹರಿಯುತ್ತಿದೆ. ಬೇಡವಾದ ಮರಿಗಳನ್ನು ನನಗೇ ಮರಳಿಸಿರಿ. ಬೇಕಾದವರು ಮೃಗಶಿರಾ ಮಳೆಯಾದ ಎರಡು ತಿಂಗಳಿಗೆ ಬಂದು ಆರಾರು ಮರಿಗಳನ್ನು ಒಯ್ಯಬಹುದು. ಅವುಗಳೊಡನೆ ಒಂದು ಮೊಳ ರಬ್ಬರಿನ ಕೊಳವೆಯನ್ನೂ ಒಂದು ಬರಿಯ ವಹಿಯನ್ನೂ ಕೊಡುವೆನು.